ಕಲಬುರಗಿಯ ಬಿಸಿಲಿನಲ್ಲಿ ಹಿತ್ತಲನ್ನು ಕಾಡಿನಂತೆ ಬೆಳೆಸಬಹುದೇ?

ಪ್ರಶ್ನೆ: ನಾವು ಕಲಬುರಗಿಯ ಹೊಸ ಬಡಾವಣೆಯೊಂದರಲ್ಲಿ ವಾಸವಾಗಿದ್ದೇವೆ. ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲಿದೆ. ಅದರ ಪಶ್ಚಿಮಕ್ಕೆ ಆರು ಅಡಿ ಎತ್ತರದ ಕಂಪೌಂಡ್ ಗೋಡೆಯಿದೆ. ಮನೆಯ ಕಡೆಗೆ ಸ್ವಲ್ಪ ಜಾಗಕ್ಕೆ ಶಹಾಬಾದ್ ಕಲ್ಲು ಹಾಸಿಸಿದ್ದೇವೆ, ಉಳಿದದ್ದು ಎರೆ ಮಣ್ಣು. ಕೊಡಗಿಗೆ ಹೋದಾಗ ನಾವು ಉಳಿದುಕೊಂಡಿದ್ದ ಮನೆಯ ಸುತ್ತ ದೊಡ್ಡ ಎಲೆಗಳ ಗಿಡಗಳು ಒತ್ತೊತ್ತಾಗಿ ಬೆಳೆದಿದ್ದನ್ನು ಕಂಡು ನಮ್ಮ ಹಿತ್ತಲೂ ಹಾಗಿರಲಿ ಎಂಬ ಆಸೆ ಹುಟ್ಟಿತು. ಕಳೆದ ಅಕ್ಟೋಬರ್‌ನಲ್ಲಿ ಆರು ಅರೇಕಾ ಪಾಮ್, ಎಂಟು ಜರಿಗಿಡ, ಒಂದು ಮಾನ್‌ಸ್ಟೆರಾ, ಕೆಲವು ಆಂಥೂರಿಯಂ ಮತ್ತು ಕ್ಯಾಲಥಿಯಾ ತಂದು ನೆಟ್ಟೆವು. ಮಾರ್ಚ್‌ವರೆಗೆ ಚೆನ್ನಾಗಿದ್ದವು. ಆಮೇಲೆ ಎಲೆಯ ಅಂಚು ಸುಟ್ಟಂತಾಗುತ್ತ ಬಂತು. ದಿನಕ್ಕೆ ಮೂರು ಸಲ ಬೋರ್ ನೀರು ಹಾಕಿದರೂ ಉಳಿಯಲಿಲ್ಲ; ಕಿತ್ತು ನೋಡಿದರೆ ಬೇರು ಕೊಳೆತಿತ್ತು. ದಕ್ಷಿಣದ ಮೂಲೆಯಲ್ಲಿ, ಪಕ್ಕದ ಮನೆಯವರ ಬೇವಿನ ಮರದ ಹತ್ತಿರವಿದ್ದ ಎರಡು ಅರೇಕಾ ಮತ್ತು ಮಾನ್‌ಸ್ಟೆರಾ ಮಾತ್ರ ಹೇಗೋ ಬದುಕಿವೆ. ಗುಂಡಿ ತೋಡಿ ಕೆಂಪು ಮಣ್ಣು ತುಂಬಿಸಿ ಎಂದು ನರ್ಸರಿಯವರು ಹೇಳುತ್ತಾರೆ. ಗಿಡ ದಟ್ಟವಾದರೆ ಹಾವು, ಸೊಳ್ಳೆ ಬರುತ್ತವೆ ಎಂದು ನೆರೆಯವರು ಹೆದರಿಸುತ್ತಾರೆ. ಹಿಂಬದಿಯ ಗೋಡೆಯಲ್ಲಿ ಆಗಲೇ ಒಂದು ಸಣ್ಣ ಬಿರುಕು ಕಾಣಿಸಿಕೊಂಡಿರುವುದರಿಂದ ಬೇರು ಪಾಯಕ್ಕೆ ಹೋಗುತ್ತದೆ ಎಂಬುದು ನಮ್ಮ ಅತ್ತೆಯವರ ಆತಂಕ. ನಮ್ಮೂರಲ್ಲಿ ಇಂಥ ತೋಟ ಸಾಧ್ಯವೇ, ಅಥವಾ ಎಲ್ಲ ಬಿಟ್ಟು ಪೂರ್ತಿ ಕಲ್ಲು ಹಾಸಿಬಿಡಬೇಕೇ?

ಉತ್ತರ: ದಯವಿಟ್ಟು ಕಲ್ಲು ಹಾಸಬೇಡಿ. ಶಹಾಬಾದ್ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೂ ಹೊರಗೆ ಬಿಡುತ್ತಿರುತ್ತದೆ. ಹಿತ್ತಲನ್ನು ಪೂರ್ತಿ ಕಲ್ಲಾಗಿಸಿದರೆ ಮೇ ತಿಂಗಳಲ್ಲಿ ನಿಮ್ಮ ಹಿಂಬದಿಯ ಕೋಣೆಗಳು ಈಗಿಗಿಂತ ಹೆಚ್ಚು ಕಾಯುತ್ತವೆ. ನಿಮ್ಮ ಆಸೆ ಈಡೇರುವಂಥದ್ದು. ಆದರೆ ನೀವು ಹಿಡಿದ ಕ್ರಮ ತಲೆಕೆಳಗಾಗಿತ್ತು: ಕಾಡಿನಲ್ಲಿ ಕೊನೆಗೆ ಬರುವ ಗಿಡಗಳನ್ನು ನೀವು ಮೊದಲು ನೆಟ್ಟಿರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅದೇ ಮಣ್ಣಿನಲ್ಲಿ, ಅದೇ ನೀರು ಕುಡಿದು, ಬೇವಿನ ಮರದ ಹತ್ತಿರವಿದ್ದ ಮೂರು ಗಿಡಗಳು ಬದುಕಿವೆ. ಅವು ಹೇಗೋ ಬದುಕಿದವುಗಳಲ್ಲ. ಮಧ್ಯಾಹ್ನ ಎರಡು ಗಂಟೆಯ ನಂತರದ ಪಶ್ಚಿಮದ ಬಿಸಿಲನ್ನು ಬೇವು ತಡೆದಿದೆ, ಬಿಸಿಗಾಳಿಯ ರಭಸವನ್ನು ಮುರಿದಿದೆ, ಅದರ ಉದುರೆಲೆ ನೆಲದ ಮೇಲೆ ಹೊದಿಕೆಯಾಗಿ ತೇವವನ್ನು ಹಿಡಿದಿದೆ. ಇಡೀ ಹಿತ್ತಲಿನಲ್ಲಿ ಮಾಡಬೇಕಾದ ಕೆಲಸವೂ ಇದೇ.

ಮಲೆನಾಡಿನ ದಟ್ಟ ಹಸಿರಿಗೆ ಕಾರಣ ಮಳೆ ಎಂದು ನಾವೆಲ್ಲ ಹೇಳುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ ಬಿದ್ದರೆ ನಮ್ಮ ಕಲಬುರಗಿಯಲ್ಲಿ ಬೀಳುವುದು ಸುಮಾರು 750 ಮಿ.ಮೀ., ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಈ ಅಂತರವನ್ನು ಪೈಪಿನ ನೀರಿನಿಂದ ತುಂಬಿಬಿಡಬಹುದು ಎಂಬುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು ನಂಬಿಕೆ. ಜರಿಗಿಡ, ಕ್ಯಾಲಥಿಯಾ, ಆಂಥೂರಿಯಂಗಳು ದೊಡ್ಡ ಮರಗಳ ಕೆಳಗಿನ ತೇವದ ಗಾಳಿಯಲ್ಲಿ ಬೆಳೆದ ಜಾತಿಗಳು. ಅವುಗಳಲ್ಲಿ ಜರಿಗಿಡ, ಕ್ಯಾಲಥಿಯಾಗಳ ಎಲೆ ತೆಳು, ನೀರನ್ನು ಹಿಡಿದಿಟ್ಟುಕೊಳ್ಳುವ ಮೇಣದ ಪದರವೂ ಕಡಿಮೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 42 ಡಿಗ್ರಿ ದಾಟುವಾಗ ಗಾಳಿಯ ತೇವಾಂಶ ಶೇ. 30ಕ್ಕಿಂತ ಕೆಳಗಿಳಿಯುತ್ತದೆ. ಆ ಹೊತ್ತಿಗೆ ಎಲೆಯಿಂದ ಆವಿಯಾಗುವಷ್ಟು ನೀರನ್ನು ಬೇರು ಎಳೆದು ಕೊಡಲಾರದು. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಡುತ್ತದೆ, ಬಾಡಿದ್ದನ್ನು ಕಂಡು ನಾವು ಮತ್ತೆ ನೀರು ಹಾಕುತ್ತೇವೆ. ಎರೆ ಮಣ್ಣಿನ ಕಣ ಬಹಳ ನಯವಾದದ್ದು. ಅದರಲ್ಲಿ ನೀರು ತುಂಬಿದರೆ ಗಾಳಿಗೆ ಜಾಗ ಉಳಿಯುವುದಿಲ್ಲ, ಉಸಿರಾಡಲಾಗದ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯದೆ ಎಲೆ ಇನ್ನಷ್ಟು ಬಾಡುತ್ತದೆ. ನಿಮ್ಮ ಗಿಡಗಳು ಬಾಯಾರಿಕೆ ಮತ್ತು ಅತಿ ನೀರು ಎರಡರಿಂದಲೂ ಒಟ್ಟಿಗೆ ಸತ್ತಿವೆ.

ಇನ್ನು ಎಲೆಯ ಅಂಚು ಸುಟ್ಟದ್ದು. ಅದಕ್ಕೆ ಬಿಸಿಲು ಪಾಲುದಾರನೇ ಹೊರತು ಒಬ್ಬನೇ ಕಾರಣನಲ್ಲ. ಈ ಭಾಗದ ಅನೇಕ ಬೋರ್‌ಗಳ ನೀರಿನಲ್ಲಿ ಲವಣ ಮತ್ತು ಸುಣ್ಣದ ಅಂಶ ಹೆಚ್ಚು. ನಿಮ್ಮ ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಿಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದೇ ಸಾಕ್ಷಿ. ಗಿಡ ನೀರನ್ನು ಆವಿಯಾಗಿ ಬಿಡುತ್ತದೆ, ಲವಣವನ್ನು ಬಿಡಲಾರದು. ಅದು ಎಲೆಯ ತುದಿ ಮತ್ತು ಅಂಚಿಗೆ ಹೋಗಿ ಸೇರಿ ಆ ಭಾಗವನ್ನು ಸುಡುತ್ತದೆ. ಅರೇಕಾ ಪಾಮ್‌ಗೂ ಕ್ಯಾಲಥಿಯಾಗೂ ಈ ಸವಳು ನೀರು ಸ್ವಲ್ಪವೂ ಆಗದು. ನೀವು ದಿನಕ್ಕೆ ಮೂರು ಸಲ ಹಾಕಿದ ನೀರು ಮೂರು ಸಲ ಹಾಕಿದ ಉಪ್ಪೂ ಆಗಿತ್ತು. ಇದೇ ಮಾತಿಗೆ ಸೇರಿದ ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಊರಿನ ಬಹುತೇಕ ಮನೆಗಳಲ್ಲಿ ಇದು ನಡೆಯುತ್ತದೆ: ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೂ, ಕೂಲರಿನ ತಳದಲ್ಲಿ ಉಳಿದ ನೀರನ್ನೂ ವ್ಯರ್ಥವಾಗಬಾರದೆಂದು ಗಿಡಕ್ಕೆ ಸುರಿಯುತ್ತಾರೆ. ಆರ್‌ಒ ತ್ಯಾಜ್ಯದಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣವಿರುತ್ತದೆ. ಕೂಲರಿನಲ್ಲಿ ನೀರು ದಿನಗಟ್ಟಲೆ ಆವಿಯಾಗಿ ಉಪ್ಪು ತಳದಲ್ಲಿ ಗಟ್ಟಿಯಾಗುತ್ತ ಹೋಗುತ್ತದೆ. ಇವೆರಡರಿಂದಲೂ ನೆಲ ತೊಳೆಯಿರಿ, ಗಿಡಕ್ಕೆ ಬೇಡ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಮಾತ್ರ ಇದಕ್ಕೆ ತದ್ವಿರುದ್ಧ. ಅದು ಗಾಳಿಯ ತೇವ ತಣಿದು ಬಂದ ನೀರಾದ್ದರಿಂದ ಅದರಲ್ಲಿ ಲವಣ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಮನೆಯಲ್ಲಿ ಎ.ಸಿ. ಇದ್ದರೆ ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಸೂಕ್ಷ್ಮ ಗಿಡಗಳಿಗೆ ಮೀಸಲಿಡಿ.

ನರ್ಸರಿಯವರ ಸಲಹೆಯ ಬಗ್ಗೆ ನಾನು ಗಟ್ಟಿಯಾಗಿ ಮಾತಾಡಬಲ್ಲೆ, ಏಕೆಂದರೆ ಆ ತಪ್ಪನ್ನು ವೃತ್ತಿಯ ಆರಂಭದಲ್ಲಿ ನಾನೇ ಮಾಡಿದ್ದೇನೆ. ಸೇಡಂ ಕಡೆಯ ಒಂದು ಮನೆಯಲ್ಲಿ ಎರೆ ನೆಲದಲ್ಲಿ ಮೂರಡಿ ಆಳದ ಗುಂಡಿಗಳನ್ನು ತೋಡಿಸಿ, ದೂರದಿಂದ ಕೆಂಪು ಮಣ್ಣು ತರಿಸಿ ತುಂಬಿಸಿ ಗಿಡಗಳನ್ನು ನೆಡಿಸಿದ್ದೆ. ಮಳೆಗಾಲದ ಮೊದಲ ದೊಡ್ಡ ಮಳೆಗೆ ನೀರು ಸಡಿಲ ಮಣ್ಣಿನೊಳಗೆ ಸರಾಗವಾಗಿ ಇಳಿಯಿತು, ಸುತ್ತಲಿನ ಜಿಗುಟು ಮಣ್ಣಿನೊಳಕ್ಕೆ ಹೋಗಲಾರದೆ ಅಲ್ಲೇ ನಿಂತಿತು. ಪ್ರತಿ ಗುಂಡಿಯೂ ಹೂಳು ತುಂಬಿದ ಸಣ್ಣ ಬಾವಿಯಾಗಿತ್ತು. ಆ ಮನೆಯವರು ನನ್ನನ್ನು ನಂಬಿ ಮಾಡಿದ ಖರ್ಚು ನೀರುಪಾಲಾಯಿತು. ಎರೆ ಮಣ್ಣಿಗೆ ಒಂದಿಷ್ಟು ಉಸುಕು ಬೆರೆಸಿದರೆ ಸಡಿಲವಾಗುತ್ತದೆ ಎಂಬ ಮಾತೂ ಇದೇ ಜಾತಿಯದು. ಸ್ವಲ್ಪ ಉಸುಕು ಸೇರಿದ ಎರೆ ಮಣ್ಣು ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ಅದು ನಿಜಕ್ಕೂ ಸಡಿಲವಾಗಬೇಕಾದರೆ ಮಣ್ಣಿಗಿಂತ ಉಸುಕೇ ಹೆಚ್ಚಾಗಬೇಕು.

ಕೆಳಗೆ ತೋಡುವ ಬದಲು ಮೇಲಕ್ಕೆ ಏರಿಸುವುದೇ ಸರಿಯಾದ ದಾರಿ. ಮಣ್ಣಿನ ಭಾಗದ ಮೇಲ್ಮೈಯನ್ನು ಅರ್ಧ ಅಡಿ ಸಡಿಲಿಸಿ, ಅದರ ಮೇಲೆ ಒಂದರಿಂದ ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ. ಅಂಚಿಗೆ ಶಹಾಬಾದ್ ಕಲ್ಲನ್ನೇ ನಿಲ್ಲಿಸಬಹುದು, ಆದರೆ ಕಲ್ಲುಗಳ ನಡುವೆ ಸಿಮೆಂಟ್ ತುಂಬದೆ ನೀರು ಹರಿಯಲು ಸಂದು ಬಿಡಿ. ಎರಡು ಪಾಲು ನಿಮ್ಮದೇ ಎರೆ ಮಣ್ಣು, ಒಂದು ಪಾಲು ಕೆಂಪು ಮಣ್ಣು ಅಥವಾ ಸಣ್ಣ ಗರಸು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಿದ ಮಿಶ್ರಣ ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ಎರೆ ಮಣ್ಣನ್ನು ಪೂರ್ತಿ ಬಿಡಬೇಡಿ. ತೇವ ಮತ್ತು ಸಾರವನ್ನು ಹಿಡಿದಿಡುವುದರಲ್ಲಿ ಅದಕ್ಕೆ ಸಮನಾದ ಮಣ್ಣಿಲ್ಲ, ತೊಗರಿಯ ಹೊಲಗಳು ಮಳೆ ನಿಂತ ಮೇಲೂ ಹಸಿರಾಗಿರುವುದು ಅದರಿಂದಲೇ. ಹೊಸ ಬಡಾವಣೆಯಾದ್ದರಿಂದ ಮನೆ ಕಟ್ಟಿದಾಗಿನ ಸಿಮೆಂಟ್ ಹೆಂಟೆ, ಸುಣ್ಣ, ಒಡೆದ ಇಟ್ಟಿಗೆಗಳು ಮಣ್ಣಿನೊಳಗೆ ಹೂತಿರುವ ಸಾಧ್ಯತೆ ಇದೆ. ಅವನ್ನು ಆರಿಸಿ ತೆಗೆಸಿ. ಮಡಿಯ ಮೇಲೆ ಮೂರು ಬೆರಳು ದಪ್ಪ ಒಣ ಎಲೆ, ಕಬ್ಬಿನ ರವದಿ ಅಥವಾ ತೊಗರಿ ಹೊಟ್ಟಿನ ಹೊದಿಕೆ ಸದಾ ಇರಲಿ. ಎರೆ ನೆಲ ಬಿರಿಯುವುದು ಬೆತ್ತಲೆಯಾಗಿ ಒಣಗಿದಾಗ; ಹೊದಿಕೆಯ ಕೆಳಗೆ ಬಿರುಕು ಕಡಿಮೆ, ಬೇರು ತುಂಡಾಗುವುದೂ ಕಡಿಮೆ.

ಬೀದರಿನ ಓದುಗರು ಈ ಭಾಗವನ್ನು ಹಾಗೆಯೇ ಅನುಸರಿಸಬಾರದು. ಅಲ್ಲಿನ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ನೀರು ನಿಲ್ಲುವ ತೊಂದರೆಗಿಂತ ನೀರು ಬೇಗ ಇಳಿದುಹೋಗುವ ತೊಂದರೆ ದೊಡ್ಡದು. ಅಲ್ಲಿ ಗೊಬ್ಬರ ಮತ್ತು ಹೊದಿಕೆ ಹೆಚ್ಚಿರಬೇಕು, ಏರು ಮಡಿ ಬೇಕಿಲ್ಲ.

ನಿಮ್ಮ ಅತ್ತೆಯವರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರು ಹೇಳುವ ಕಾರಣ ಸ್ವಲ್ಪ ಬೇರೆಯಾದರೂ ಅವರ ಭಯಕ್ಕೆ ಆಧಾರವಿದೆ. ಬೇರು ಗಟ್ಟಿಯಾದ ಪಾಯವನ್ನು ಕೊರೆದು ಒಡೆಯುವುದು ಅಪರೂಪ. ಎರೆ ನೆಲದಲ್ಲಿ ನಡೆಯುವುದು ಬೇರೆಯೇ ಕ್ರಿಯೆ: ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದೊಡ್ಡ ಮರವೊಂದು ಪಾಯದ ಒಂದು ಬದಿಯ ತೇವವನ್ನು ಬೇಸಿಗೆಯಲ್ಲಿ ಹೀರಿಕೊಂಡರೆ ಆ ಬದಿ ಕುಗ್ಗಿ ಕುಸಿಯುತ್ತದೆ. ಗೋಡೆಗೆ ತಾಗಿದ ಗಿಡಗಳಿಗೆ ದಿನವೂ ನೀರು ನಿಲ್ಲಿಸಿದರೆ ಆ ಬದಿ ಉಬ್ಬುತ್ತದೆ. ಒಂದು ಕಡೆ ಏರಿ ಒಂದು ಕಡೆ ಇಳಿದರೆ ಗೋಡೆ ಬಿರಿಯುತ್ತದೆ. ಆದ್ದರಿಂದ ಮರದಷ್ಟೇ ಅಪಾಯ ಪೈಪಿನಿಂದಲೂ ಇದೆ, ನೀವು ಮೂರು ಹೊತ್ತು ಸುರಿದ ನೀರೂ ಇದರಲ್ಲಿ ಸೇರುತ್ತದೆ. ಈಗಿನ ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ದಿನಾಂಕ ಬರೆಯಿರಿ, ನಡುವಿನ ಅಗಲವನ್ನು ಅಳೆದಿಡಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವಂತಿದ್ದರೆ ಅದು ಮಣ್ಣಿನ ಉಬ್ಬು-ಕುಗ್ಗಿನ ಬಿರುಕು. ಅದು ಉದ್ದವಾಗುತ್ತ ಅಥವಾ ಅಗಲವಾಗುತ್ತ ಹೋದರೆ ಯಾವ ಗಿಡವನ್ನೂ ನೆಡುವ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಹೇಗಿದ್ದರೂ ಮನೆಯ ಗೋಡೆಯಿಂದ ಮೂರು, ನಾಲ್ಕು ಅಡಿ ಜಾಗವನ್ನು ಒಣ ಪಟ್ಟಿಯಾಗಿ ಬಿಡಿ. ಈಗ ಹಾಸಿರುವ ಕಲ್ಲನ್ನು ಗೋಡೆಯ ಪಕ್ಕ ಹಾಗೇ ಉಳಿಸಿಕೊಂಡು, ನೀರು ಮನೆಯಿಂದ ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿಸಿದರೆ ಆ ಪಟ್ಟಿಯೇ ನಿಮ್ಮ ಪಾಯಕ್ಕೆ ಕಾವಲು.

ಇದೇ ಕಾರಣಕ್ಕೆ ಆಲ, ಅತ್ತಿ, ಅರಳಿ, ರಬ್ಬರ್ ಗಿಡಗಳ ಕುಟುಂಬದ ಯಾವುದನ್ನೂ ಈ ಹಿತ್ತಲಿನ ನೆಲದಲ್ಲಿ ನೆಡಬೇಡಿ. ಬೇವು ಮತ್ತು ಹೊಂಗೆ ನಮ್ಮ ಬೇಸಿಗೆಯಲ್ಲೇ ಹೊಸ ಎಲೆ ಬಿಟ್ಟು ನೆರಳು ಕೊಡುವ ಮರಗಳಾದರೂ 300 ಚದರ ಅಡಿಗೆ ಅವು ಅತಿ ದೊಡ್ಡವು. ಬೇಗ ಹಸಿರು ಗೋಡೆ ಕಟ್ಟುತ್ತದೆಂದು ಕೊನೊಕಾರ್ಪಸ್ ಕೊಳ್ಳುವಂತೆ ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಹಾವಿನ ವಿಷಯದಲ್ಲಿ ನೆರೆಯವರ ಮಾತು ಅರ್ಧ ಸರಿ. ಹಾವು ಎಲೆಯನ್ನು ಹುಡುಕಿಕೊಂಡು ಬರುವುದಿಲ್ಲ. ಇಲಿ, ಕಪ್ಪೆ ಮತ್ತು ಅಡಗಲು ಸಂದು ಇರುವಲ್ಲಿಗೆ ಬರುತ್ತದೆ. ಒಟ್ಟಿಟ್ಟ ಕಲ್ಲುಚಪ್ಪಡಿ, ಮೂಲೆಯ ಕಟ್ಟಿಗೆ ರಾಶಿ, ಚೆಲ್ಲಿದ ಕಾಳು, ತೆರೆದ ಕಸ ಇವು ಗಿಡಕ್ಕಿಂತ ಹೆಚ್ಚಾಗಿ ಹಾವನ್ನು ಕರೆಯುತ್ತವೆ. ಆದರೂ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮೂರೂ ಇರುವ ಪ್ರದೇಶ ನಮ್ಮದಾದ್ದರಿಂದ ನೆಲವನ್ನೇ ಮುಚ್ಚುವ ಪೊದೆಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ನಿಮ್ಮ ಕಾಡು ಮೊಣಕಾಲಿನ ಮೇಲೆ ದಟ್ಟವಾಗಿರಲಿ, ಕೆಳಗೆ ಕಾಂಡಗಳ ನಡುವೆ ನೆಲ ಕಾಣುವಂತಿರಲಿ. ಕೆಳಗಿನ ಎಲೆಗಳನ್ನು ಸವರುತ್ತಿದ್ದರೆ ಇದು ತಾನಾಗಿ ಆಗುತ್ತದೆ. ಮೊದಲೇ ಹೇಳಿದ ಒಣ ಪಟ್ಟಿ ಇಲ್ಲಿಯೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ತೆರೆದ ಕಲ್ಲಿನ ಮೇಲೆ ಬಂದದ್ದು ಕಣ್ಣಿಗೆ ಬೀಳುತ್ತದೆ. ಹಿತ್ತಲಿಗೆ ಒಂದು ದೀಪ ಹಾಕಿಸಿ, ಕತ್ತಲಾದ ಮೇಲೆ ಬರಿಗಾಲಲ್ಲಿ ಹೋಗಬೇಡಿ, ಹೊದಿಕೆಯನ್ನು ಕೈಯಿಂದ ಕೆದಕದೆ ಸಲಿಕೆ ಬಳಸಿ. ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ನಿಂತ ತಿಳಿನೀರಿನಲ್ಲಿ. ಕುಂಡದ ತಟ್ಟೆ, ಒಡೆದ ಬಕೆಟ್, ಮುಚ್ಚದ ತೊಟ್ಟಿ, ಕೂಲರಿನ ತಳ ಇವನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಒಣಗಿಸಿದರೆ ಮೊಟ್ಟೆ ಸೊಳ್ಳೆಯಾಗುವಷ್ಟು ಸಮಯ ಸಿಗುವುದಿಲ್ಲ. ಬೆಳೆದ ಸೊಳ್ಳೆಗಳು ಹಗಲಿನಲ್ಲಿ ತಂಪಾದ ಎಲೆಗಳ ಕೆಳಗೆ ಕೂರುತ್ತವೆ ಎಂಬುದೂ ನಿಜ. ಹಿಂಬದಿಯ ಕಿಟಕಿಗಳಿಗೆ ಜಾಳಿಗೆ ಹಾಕಿಸುವುದು ಒಳ್ಳೆಯದು.

ಈಗ ನೆರಳಿನ ಮಾತಿಗೆ ಬರುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಕಬ್ಬಿಣದ ಪೈಪುಗಳ ಒಂಬತ್ತು, ಹತ್ತು ಅಡಿ ಎತ್ತರದ ಚಪ್ಪರ ನಿಲ್ಲಿಸಿ ಶೇ. 50ರ ನೆರಳು ಪರದೆ ಕಟ್ಟುವುದು. ಇದರಿಂದ ಕೂಡಲೇ ಫಲ ಸಿಗುತ್ತದೆ. ಆದರೆ ಮೇ ತಿಂಗಳ ಗಾಳಿಮಳೆಗೆ ಸಡಿಲ ಪರದೆ ಹರಿದು ಹೋಗುತ್ತದೆ, ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ಹೆಚ್ಚು ನೆರಳಿರಲಿ ಎಂದು ಶೇ. 75ರದ್ದನ್ನು ಹಾಕಿದರೆ ಗಿಡಗಳು ಬೆಳಕನ್ನು ಅರಸಿ ಸೊರಗಿ ಉದ್ದವಾಗುತ್ತವೆ. ಎರಡನೆಯದು, ಮರದ ನೆರಳು. ಅದು ಉಳಿಯುವಂಥದ್ದು, ಗಾಳಿಯನ್ನೂ ತಂಪು ಮಾಡುತ್ತದೆ, ಆದರೆ ಎರಡು ವರ್ಷ ಕಾಯಬೇಕು. ನಾನಾದರೆ ಎರಡನ್ನೂ ಕೂಡಿಸುತ್ತೇನೆ: ಚಪ್ಪರಕ್ಕೆ ಮಾರ್ಚ್‌ನಿಂದ ಮೃಗಶಿರ ಮಳೆಯವರೆಗೆ ಮಾತ್ರ ಪರದೆ ಕಟ್ಟಿ, ಮಳೆಗಾಲದ ಮೋಡದ ಬೆಳಕಿಗೆ ಅದನ್ನು ಸುತ್ತಿಟ್ಟು, ಅದೇ ತಂತಿಗಳ ಮೇಲೆ ಒಂದು ಬದಿಯಿಂದ ಮಧುಮಾಲತಿ ಬಳ್ಳಿಯನ್ನು ಹಬ್ಬಿಸುತ್ತೇನೆ. ಬಳ್ಳಿ ತುಂಬುವವರೆಗೆ ಜನವರಿ ಕೊನೆಗೆ ಹೀರೆ ಅಥವಾ ಸೋರೆ ಬೀಜ ಊರಿದರೆ ಏಪ್ರಿಲ್ ಹೊತ್ತಿಗೆ ಅಗಲ ಎಲೆಗಳ ಚಾವಣಿಯೇ ಆಗುತ್ತದೆ, ಅಡುಗೆಗೆ ಕಾಯಿಯೂ ಸಿಗುತ್ತದೆ. ಹಳ್ಳಿಯ ಹಿತ್ತಲುಗಳಲ್ಲಿ ಚಪ್ಪರದ ಕೆಳಗೆ ಬೇಸಿಗೆ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮರಗಳಲ್ಲಿ ನನ್ನ ಮೊದಲ ಆಯ್ಕೆ ಪೇರಲ. ಸುಣ್ಣದ ಅಂಶವಿರುವ ನಮ್ಮ ಮಣ್ಣನ್ನೂ, ಬಿಸಿಲನ್ನೂ, ತಕ್ಕಮಟ್ಟಿಗೆ ಸವಳನ್ನೂ ತಾಳುತ್ತದೆ, ಬೇಸಿಗೆಯಲ್ಲಿ ಬೋಳಾಗುವುದಿಲ್ಲ, ಸವರುತ್ತ ಹತ್ತು, ಹನ್ನೆರಡು ಅಡಿಯಲ್ಲೇ ನಿಲ್ಲಿಸಬಹುದು. ಕಂಪೌಂಡ್ ಗೋಡೆಯಿಂದ ನಾಲ್ಕು ಅಡಿ ಒಳಕ್ಕೆ, ಒಂದಕ್ಕೊಂದು ಎಂಟು, ಒಂಬತ್ತು ಅಡಿ ಅಂತರದಲ್ಲಿ ಎರಡು ಪೇರಲ ಸಾಕು. ಅವು ಬೆಳೆಯುವಷ್ಟರಲ್ಲಿ ನೆರಳು ಕೊಡಲು ನಡುವೆ ಒಂದು ನುಗ್ಗೆ ನೆಡಿ. ಅದು ಒಂದೇ ವರ್ಷದಲ್ಲಿ ಹತ್ತು ಅಡಿ ಏರುತ್ತದೆ, ಮೂರನೆಯ ವರ್ಷ ಪೇರಲಕ್ಕೆ ಜಾಗ ಬಿಟ್ಟು ಅದನ್ನು ಕಡಿದುಬಿಡಬಹುದು. ನುಗ್ಗೆಯ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ ಮತ್ತು ಮಳೆಗಾಲದಲ್ಲಿ ಕಂಬಳಿಹುಳು ಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಾದರೆ ಈ ತೊಂದರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸೀತಾಫಲ ಗಟ್ಟಿ ಗಿಡವಾದರೂ ನೆರಳು ಬೇಕಾದ ಹೊತ್ತಿಗೇ ಎಲೆ ಉದುರಿಸುತ್ತದೆ, ಆದ್ದರಿಂದ ಈ ಕೆಲಸಕ್ಕೆ ಒದಗದು.

ಕಾಡಿನ ನೋಟವನ್ನು ಕೊಡುವುದು ನಡುವಿನ ಅಂತಸ್ತು. ಅಲ್ಲಿ ನಿಮಗೆ ಅಗಲೆಲೆಗಳು ಬೇಕು, ಆದರೆ ಕೊಡಗಿನ ಅಗಲೆಲೆಗಳೇ ಬೇಕೆಂದಿಲ್ಲ. ಬಾಳೆಯಷ್ಟು ದೊಡ್ಡ ಎಲೆ ಯಾವ ದುಬಾರಿ ಗಿಡಕ್ಕೂ ಇಲ್ಲ. ಗಿಡ್ಡ ತಳಿಯ ಬಾಳೆಯಾದರೆ ಗಾಳಿಗೆ ಬೀಳುವುದು ಕಡಿಮೆ, ಚಪ್ಪರದ ಅಂಚಿನಲ್ಲಿ ಎಲೆ ಚಿಂದಿಯಾಗುವುದೂ ಕಡಿಮೆ. ಬೆಳೆದ ಬಾಳೆಯೊಂದು ಬೇಸಿಗೆಯಲ್ಲಿ ದಿನಕ್ಕೆ 20 ಲೀಟರ್ ಆಸುಪಾಸು ನೀರು ಕೇಳುವುದರಿಂದ ಎರಡು ಬುಡಗಳಿಗಿಂತ ಹೆಚ್ಚು ಬೇಡ, ಪ್ರತಿ ಬುಡದಲ್ಲೂ ಮರಿಗಳನ್ನು ತೆಗೆದು ಎರಡನ್ನು ಮಾತ್ರ ಉಳಿಸಿ. ಪಪ್ಪಾಯಿಯ ಸೀಳೆಲೆ ಮಾನ್‌ಸ್ಟೆರಾ ಎಲೆಯಷ್ಟೇ ಸೊಗಸು. ಬುಡದಲ್ಲಿ ನೀರು ನಿಂತರೆ ಅದು ಒಂದು ವಾರದಲ್ಲೇ ಕೊಳೆಯುವುದರಿಂದ ಮಡಿಯ ಅತಿ ಎತ್ತರದ ಜಾಗ ಅದಕ್ಕಿರಲಿ. ಬಿಸಿಲು ಬೀಳುವ ಅಂಚಿಗೆ ಕಾಬಾಳೆಗಿಂತ (ಕ್ಯಾನಾ) ಉತ್ತಮವಾದ ಗಿಡವನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಜಿಗುಟು ಮಣ್ಣು, ಆಗಾಗ ನಿಲ್ಲುವ ನೀರು, ಬಟ್ಟಲು ತೊಳೆದ ನೀರು ಎಲ್ಲವನ್ನೂ ಸಹಿಸಿಕೊಂಡು ಬಾಳೆಯಂಥ ಎಲೆ, ಕೆಂಪು ಹಳದಿ ಹೂ ಎರಡನ್ನೂ ಕೊಡುತ್ತದೆ. ನೆರಳು ಕೂಡಿದ ಮೇಲೆ ಅರಿಶಿನ ಮತ್ತು ಕೆಸು ಸೇರಿಸಿ. ಅರಿಶಿನ ಚಳಿಗಾಲದ ಕೊನೆಗೆ ಒಣಗಿ ಮಲಗಿ ಮಳೆಗೆ ಮತ್ತೆ ಏಳುತ್ತದೆ, ಅದು ಸತ್ತಿತೆಂದು ಕೀಳಬೇಡಿ.

ಜರಿಗಿಡದ ಜಾಗಕ್ಕೆ ಶತಾವರಿಯನ್ನು ತಂದುಕೊಳ್ಳಿ ಎಂಬುದು ನನ್ನ ಮನಃಪೂರ್ವಕ ಸಲಹೆ. ದೂರದಿಂದ ಅದರ ನವಿರಾದ ಹಸಿರು ಜರಿಗಿಡದಂತೆಯೇ ಕಾಣುತ್ತದೆ, ಬುಡದ ಗೆಡ್ಡೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ ನಮ್ಮ ಬೇಸಿಗೆಗೆ ಅದು ಹೆದರುವುದಿಲ್ಲ. ಮುಳ್ಳಿರುವುದರಿಂದ ದಾರಿಯಿಂದ ದೂರವಿರಲಿ. ನೆಲಮಟ್ಟಕ್ಕೆ ಹಾವಿನ ಗಿಡವೆಂದು ಕರೆಯುವ ಸ್ಯಾನ್ಸೆವೇರಿಯಾ, ಸ್ಪೈಡರ್ ಲಿಲ್ಲಿ, ದೊಡ್ಡಪತ್ರೆ ಸಾಕು. ಇನ್ನು ಎಲ್ಲರ ಮನೆಯ ಬಾಟಲಿಯಲ್ಲಿರುವ ಮನಿ ಪ್ಲಾಂಟ್ ಬಗ್ಗೆ ಒಂದು ಮಾತು. ಅದು ತೂಗಾಡುವಾಗ ಅಂಗೈಯಷ್ಟು ಎಲೆ ಬಿಡುತ್ತದೆ. ಒರಟು ತೊಗಟೆಯ ಕಾಂಡವನ್ನು ಅಪ್ಪಿ ಮೇಲೇರಿದರೆ ಎಲೆ ಹಿಗ್ಗುತ್ತ ಹಿಗ್ಗುತ್ತ ಮೊರದಷ್ಟಾಗಿ, ಅಂಚಿನಲ್ಲಿ ಸೀಳೂ ಬೀಳುತ್ತದೆ. ಪೇರಲದ ಕಾಂಡ ನುಣುಪಾದ್ದರಿಂದ, ತೆಂಗಿನ ನಾರು ಸುತ್ತಿದ ಕಂಬವೊಂದನ್ನು ನೆರಳಿನ ಮೂಲೆಯಲ್ಲಿ ನಿಲ್ಲಿಸಿ ಹಬ್ಬಿಸಿ. ಕೆಸು, ಮಾನ್‌ಸ್ಟೆರಾ, ಮನಿ ಪ್ಲಾಂಟ್, ಡೈಫನ್‌ಬೇಕಿಯಾ ಇವುಗಳ ಹಸಿ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಮಗು ಬಾಯಿಗೆ ಹಾಕಿಕೊಂಡರೆ ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತದೆ. ಕಣಗಿಲೆ ಇದಕ್ಕಿಂತ ಬಹಳ ಅಪಾಯಕಾರಿ, ಅದು ಹೃದಯಕ್ಕೇ ವಿಷ. ಮಕ್ಕಳು ಆಡುವ ಹಿತ್ತಲಿಗೆ ಬೇಡವೇ ಬೇಡ.

ಬಗೆಬಗೆಯ ಗಿಡ ತಂದಷ್ಟೂ ಕಾಡು ಕಾಡಾಗುತ್ತದೆ ಎಂಬ ಭಾವನೆಯಿಂದ ಸಣ್ಣ ಹಿತ್ತಲುಗಳು ನರ್ಸರಿಯ ಅಂಗಳದಂತಾಗಿರುವುದನ್ನು ಕಂಡಿದ್ದೇನೆ. ಎಂಟು, ಹತ್ತು ಜಾತಿಗಳನ್ನೇ ಆರಿಸಿ, ಅವನ್ನೇ ಗುಂಪುಗುಂಪಾಗಿ ಮತ್ತೆ ಮತ್ತೆ ನೆಡಿ. ಎರಡು ಅಡಿ ಅಗಲದ ಕಾಲುದಾರಿಯನ್ನು ನೇರವಾಗಿ ಬಿಡದೆ ಒಮ್ಮೆ ತಿರುಗಿಸಿ, ತಿರುವಿನಲ್ಲಿ ಬಾಳೆಯ ಬುಡವಿಟ್ಟರೆ ಅದರಾಚೆ ಏನಿದೆಯೋ ಕಾಣುವುದಿಲ್ಲ; ಹದಿನೈದು ಅಡಿಯ ಜಾಗ ಮುಗಿದದ್ದು ಕಣ್ಣಿಗೆ ತಿಳಿಯಬಾರದು. ದೊಡ್ಡ ಎಲೆ ಹತ್ತಿರಕ್ಕೆ, ಶತಾವರಿಯಂಥ ಸಣ್ಣ ಎಲೆ ದೂರಕ್ಕೆ ಇದ್ದರೆ ಆಳ ಹೆಚ್ಚಿದಂತೆ ತೋರುತ್ತದೆ. ಕಾಯುವ ಪಶ್ಚಿಮದ ಗೋಡೆಯಿಂದ ಅರ್ಧ ಅಡಿ ಬಿಟ್ಟು ತಂತಿ ಜಾಳಿಗೆ ಕಟ್ಟಿ ಅಮೃತಬಳ್ಳಿಯನ್ನು ಹಬ್ಬಿಸಿ. ನಡುವಿನ ಗಾಳಿಯಿಂದಾಗಿ ಗೋಡೆಯ ಕಾವು ಎಲೆಗೆ ನೇರವಾಗಿ ತಾಗುವುದಿಲ್ಲ.

ನೀರಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ನೀವು ನೆಡುವ ಜಾಗ ಸುಮಾರು 200 ಚದರ ಅಡಿ, ಅಂದರೆ 18.5 ಚದರ ಮೀಟರ್. ಮೇ ತಿಂಗಳಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾಗುತ್ತದೆಂದು ಹಿಡಿದರೂ ದಿನಕ್ಕೆ 110 ಲೀಟರ್ ಬೇಕು. ಚಪ್ಪರ ಮತ್ತು ಹೊದಿಕೆ ಇದ್ದರೆ ಇದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆ ಅರ್ಧವನ್ನೂ ಬೇಸಿಗೆಯಲ್ಲಿ ಕೊಡಲು ನಿಮ್ಮ ಬೋರ್‌ಗೆ ಶಕ್ತಿಯಿಲ್ಲದಿದ್ದರೆ ಬಾಳೆ ಮತ್ತು ಕೆಸುವನ್ನು ಬಿಟ್ಟುಬಿಡಿ. ಪೇರಲ, ಶತಾವರಿ, ಅಮೃತಬಳ್ಳಿ, ಸ್ಯಾನ್ಸೆವೇರಿಯಾಗಳಿಂದಲೇ ಸೊಂಪಾದ ತೋಟ ಆಗುತ್ತದೆ. ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಹಾಕುವ ಬದಲು ಎರಡು, ಮೂರು ದಿನಕ್ಕೊಮ್ಮೆ ಸಂಜೆ, ನೀರು ಆಳಕ್ಕಿಳಿಯುವಂತೆ ಕೊಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ತೇವ ತಾಗಿದರೆ ಆ ದಿನ ಬೇಡ. ಮಳೆಗಾಲದಲ್ಲಿ ತಾರಸಿಯ ನೀರನ್ನು ಮಡಿಗಳ ಕಡೆಗೆ ತಿರುಗಿಸಿ. 1000 ಚದರ ಅಡಿಯ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ಸಿಹಿನೀರು. ವರ್ಷವಿಡೀ ಸೇರಿದ ಉಪ್ಪನ್ನು ಬೇರಿನ ಮಟ್ಟದಿಂದ ಕೆಳಕ್ಕೆ ತೊಳೆಯುವುದು ಈ ನೀರೇ.

ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಸುಣ್ಣದ ಮಣ್ಣಿನಲ್ಲಿ ಕಬ್ಬಿಣಾಂಶ ದೊರೆಯದಿರುವುದರ ಲಕ್ಷಣ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಮಾಡಿ. ಒಲೆಯ ಬೂದಿ ಕ್ಷಾರೀಯವಾದ್ದರಿಂದ ನಮ್ಮ ಎರೆ ಮಣ್ಣಿಗೆ ಬೇಡ. ಮಣ್ಣು ಮತ್ತು ಬೋರ್ ನೀರಿನ ಪರೀಕ್ಷೆಗೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಜಿಪ್ಸಂ ಹಾಕಬೇಕೇ ಎಂಬುದನ್ನು ಆ ವರದಿ ನೋಡಿಯೇ ನಿರ್ಧರಿಸಿ.

ನಿಮ್ಮ ಮನಸ್ಸಿನಲ್ಲಿರುವ ಚಿತ್ರವನ್ನೂ ಸ್ವಲ್ಪ ಬದಲಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಜಿಲ್ಲೆಯಲ್ಲೂ ಕಾಡಿದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಚಿಂಚೋಳಿಯ ವನ್ಯಧಾಮಕ್ಕೆ ಒಮ್ಮೆ ಮನೆಯವರೆಲ್ಲ ಹೋಗಿ ಬನ್ನಿ, ಆ ಹಸಿರು ಯಾವ ಮಲೆನಾಡಿಗೂ ಕಡಿಮೆಯಿಲ್ಲ. ಅದೇ ಕಾಡು ಮಾರ್ಚ್‌ನಲ್ಲಿ ಎಲೆಯುದುರಿಸಿ ನಿಂತಿರುತ್ತದೆ. ಕಡಿಮೆ ನೀರಿನಲ್ಲಿ ಬದುಕುವ ಉಪಾಯ ಅದು. ನಿಮ್ಮ ಹಿತ್ತಲೂ ಮಾರ್ಚ್‌ನಿಂದ ಮೇವರೆಗೆ ಸ್ವಲ್ಪ ಸೊರಗಲಿ, ಅದನ್ನು ನೀರು ಸುರಿದು ಗೆಲ್ಲಲು ಹೋಗಬೇಡಿ.

ಈಗ ಮೇ ತಿಂಗಳು ನಡೆಯುತ್ತಿರುವುದರಿಂದ ಗಿಡ ಕೊಳ್ಳಲು ಹೋಗದೆ ಮಡಿ ಕಟ್ಟುವ, ಪೈಪುಗಳನ್ನು ನಿಲ್ಲಿಸುವ, ಹೊದಿಕೆ ಕೂಡಿಹಾಕುವ ಕೆಲಸ ಮಾಡಿ. ಜೂನ್ ಎರಡನೆಯ ವಾರ, ಮೃಗಶಿರ ಮಳೆ ಬಿದ್ದು ಮಣ್ಣು ಅರ್ಧ ಅಡಿ ನೆನೆದ ಮೇಲೆ ಪೇರಲ, ನುಗ್ಗೆ, ಬಾಳೆ, ಪಪ್ಪಾಯಿ, ಕಾಬಾಳೆ, ಬಳ್ಳಿಗಳನ್ನು ಮಾತ್ರ ನೆಡಿ. ನೆರಳಿನ ಗಿಡಗಳು ಮುಂದಿನ ವರ್ಷದ ಮಳೆಗಾಲಕ್ಕೆ. ಬೇವಿನ ಹತ್ತಿರ ಬದುಕಿರುವ ಎರಡು ಅರೇಕಾ ಮತ್ತು ಮಾನ್‌ಸ್ಟೆರಾವನ್ನು ಅಲ್ಲಿಂದ ಕದಲಿಸಬೇಡಿ. ಸುಟ್ಟ ತುದಿಗಳನ್ನು ಕತ್ತರಿಸಿ, ಹೊದಿಕೆ ಹೆಚ್ಚಿಸಿ, ಸಾಧ್ಯವಾದರೆ ಎ.ಸಿ. ನೀರು ಕೊಡಿ. ಮಳೆ ಹಿಡಿದ ಮೇಲೆ ಮಾನ್‌ಸ್ಟೆರಾದಿಂದ ಗೆಣ್ಣು ಮತ್ತು ಗಾಳಿಬೇರು ಇರುವ ಒಂದು ತುಂಡನ್ನು ಕತ್ತರಿಸಿ ಕುಂಡದಲ್ಲಿ ಊರಿ ಬೇರು ಬರಿಸಿ. ಚಪ್ಪರದ ಕೆಳಗೆ ನೆಡುವ ಮೊದಲ ನೆರಳಿನ ಗಿಡ ಅದೇ ಆಗಲಿ.